ಮೋರಿಗೆ ಸುರಿದ ಮದ್ದು ಯಾರ ಕೊಡಕ್ಕೆ?

ಸಂಘದ ಮಾಸಪತ್ರಿಕೆಯಲ್ಲಿ ಗುಳಿಗೆ-ಗಟಾರಗಳ ಮಾತೇಕೆ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಮನೆಗಳಲ್ಲಿ ಉಳಿದುಹೋದ, ಅವಧಿ ಮೀರಿದ ಔಷಧಿಗಳನ್ನು ಕೂಡಿಹಾಕಲು ಸಂಘದ ಕಟ್ಟಡದಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಇಡೋಣವೆಂಬ ಸೂಚನೆ ಸದಸ್ಯರಿಂದ ಬಂದಾಗ, ‘ಅದು ಕಾರ್ಪೊರೇಶನ್ನಿನ ಕೆಲಸ, ನಮ್ಮ ಕೆಲಸ ನಾಡಹಬ್ಬ, ನಾಟಕ, ಮಕ್ಕಳಿಗೆ ಕನ್ನಡ ಕಲಿಸುವುದು’ ಎಂದು ಕೆಲವು ಹಿರಿಯರು ಅದನ್ನು ಅಲ್ಲಿಗೇ ನಿಲ್ಲಿಸಿದರು. ಹಿರಿಯರ ವಿಷಯದಲ್ಲಿ ನಮಗೆ ಗೌರವವುಂಟು. ಅವರ ಈ ವಾದದ ವಿಷಯದಲ್ಲಿ ಎಳ್ಳಷ್ಟೂ ಇಲ್ಲ. ಏಕಿಲ್ಲ ಎಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ. ವಾಚಕರು ಸಹಿಸಿಕೊಳ್ಳಬೇಕು.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಹೈದರಾಬಾದಿನ ಕನ್ನಡಿಗರಿಗೆ ಹಾಗೆ ಹಾರ ಹಾಕುವ ಹಕ್ಕು ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರದ ಬಹುಭಾಗವನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಈ ಎಂಜಿನಿಯರನ್ನು. ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಸಲಹೆಯಿತ್ತವರು ಅವರು. ಅದರ ಫಲವಾಗಿ ಎದ್ದ ಉಸ್ಮಾನ್‌ಸಾಗರ 1920ರಲ್ಲಿಯೂ ಹಿಮಾಯತ್‌ಸಾಗರ 1927ರಲ್ಲಿಯೂ ಮುಗಿದು ಊರಿನ ಬಾಯಾರಿಕೆಯನ್ನೂ ನೀಗಿದವು. ನಗರದ ಒಳಚರಂಡಿಯ ಯೋಜನೆಯನ್ನು ರೂಪಿಸಿದವರೂ ಅವರೇ. ಕುಡಿಯುವ ನೀರು ಒಂದು ಕಡೆ, ಕೊಳಚೆ ಇನ್ನೊಂದು ಕಡೆ. ಎರಡೂ ಎಂದಿಗೂ ಕೂಡಬಾರದು. ಒಬ್ಬ ಮನುಷ್ಯ ಬಾಳೆಲ್ಲ ದುಡಿದದ್ದು ಇಷ್ಟು ಸರಳವಾದ ಮಾತಿಗೆ. ಅವರ ಚಿತ್ರಕ್ಕೆ ಹಾರ ಹಾಕಿ ಮನೆಗೆ ಬಂದು, ಮೊಮ್ಮಗುವಿಗೆ ತಂದ ಹಳೆಯ ಸಿರಪ್ಪನ್ನು ಸಿಂಕಿಗೆ ಬಗ್ಗಿಸುವವರು ‘ಗಟಾರ ಸಂಘದ ವಿಷಯವಲ್ಲ’ ಎಂದರೆ, ಆ ಹಾರ ಹೂವಾಡಗಿತ್ತಿಗೆ ಮಾತ್ರ ಉಪಯೋಗವಾಯಿತೆಂದು ತಿಳಿಯಬೇಕಾಗುತ್ತದೆ.

ನೀರಿನ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. 1965ರಿಂದ ಈ ನಗರ ಕುಡಿಯುತ್ತ ಬಂದ ಮಾಂಜ್ರಾ ನದಿಯ ನೀರು ಬೀದರ್ ಜಿಲ್ಲೆಯನ್ನು ಹಾದು ಬರುವ ನೀರು. ಭಾಲ್ಕಿಯವರು, ಔರಾದಿನವರು ಇಲ್ಲಿಗೆ ಬಂದು ನೆಲೆಸಿ ನಲ್ಲಿ ತಿರುಗಿಸಿದರೆ ತವರಿನ ಹೊಳೆಯೇ ಬರುತ್ತಿತ್ತು. ಮುಂದೆ 2004ರಿಂದ ನಾಗಾರ್ಜುನಸಾಗರದ ಕೃಷ್ಣೆಯ ನೀರು ಬಂತು. ಅದೂ ರಾಯಚೂರನ್ನು ಸವರಿಕೊಂಡು ಬಂದದ್ದೇ. 2015ರಲ್ಲಿ ಎಲ್ಲಂಪಳ್ಳಿಯಿಂದ ಗೋದಾವರಿ ಬಂತು. ಬೀದರಿನವರು ಗುಳಿಗೆ ಎನ್ನಲಿ, ಮೈಸೂರಿನವರು ಮಾತ್ರೆ ಎನ್ನಲಿ, ಮಂಗಳೂರಿನವರು ಮದ್ದು ಎನ್ನಲಿ, ಕುಡಿಯುವ ನೀರು ಎಲ್ಲರಿಗೂ ಒಂದೇ.

ಈಗ ಪಟಾನ್‌ಚೆರುವಿನ ಕಥೆಗೆ ಬರೋಣ. ನಗರದ ವಾಯವ್ಯಕ್ಕೆ, ಮುಂಬಯಿ ಹೆದ್ದಾರಿಯ ಮೇಲಿರುವ ಈ ಊರನ್ನು ಕಾಣದ ಕನ್ನಡಿಗರು ಇಲ್ಲಿ ಇರಲಾರರು. ಬೀದರಿಗೂ ಕಲಬುರಗಿಗೂ ಹೋಗುವ ಬಸ್ಸುಗಳು ಅದನ್ನು ದಾಟಿಯೇ ಹೋಗಬೇಕು. ಬಸ್ಸಿನ ಕಿಟಕಿ ಮುಚ್ಚಿಸುತ್ತಿದ್ದ ಆ ವಾಸನೆ ಹಲವರಿಗೆ ನೆನಪಿರಬಹುದು. 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಔಷಧ ಕಂಪೆನಿ ಐಡಿಪಿಎಲ್, ಸೋವಿಯತ್ ನೆರವಿನಿಂದ ಬಾಲಾನಗರದಲ್ಲಿ ಕಾರ್ಖಾನೆ ತೆರೆಯಿತು. 1970ರ ಪೇಟೆಂಟ್ ಕಾಯಿದೆ, ಪರದೇಶದವರ ಔಷಧಿಗಳನ್ನು ಬೇರೆ ವಿಧಾನದಿಂದ ಅಗ್ಗವಾಗಿ ತಯಾರಿಸುವ ದಾರಿಯನ್ನು ಬಿಟ್ಟುಕೊಟ್ಟಿತು. ಐಡಿಪಿಎಲ್‌ನಲ್ಲಿ ಕೆಲಸ ಕಲಿತವರು ಹೊರಬಂದು ತಮ್ಮ ತಮ್ಮ ಕಾರ್ಖಾನೆಗಳನ್ನು ಹೂಡಿದರು. ಹೀಗೆ ಪಟಾನ್‌ಚೆರು, ಬೊಳ್ಳಾರಂ, ಜೀಡಿಮೆಟ್ಲಗಳು ದೇಶಕ್ಕೆಲ್ಲ, ಮುಂದೆ ಜಗತ್ತಿಗೆಲ್ಲ ಮದ್ದಿನ ಮೂಲವಸ್ತುವನ್ನು ಒದಗಿಸುವ ಕಣಜಗಳಾದವು. ಬಡವನ ಕೈಗೆಟಕುವ ಬೆಲೆಗೆ ಔಷಧಿ ಸಿಕ್ಕಿತೆಂಬುದು ಸುಳ್ಳಲ್ಲ. ನಮ್ಮವರಲ್ಲೇ ಎಷ್ಟೋ ಜನ ಆ ಕಾರ್ಖಾನೆಗಳಲ್ಲಿ ದುಡಿದು ಮನೆ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಅನ್ನ ಕೊಟ್ಟ ಜಾಗವನ್ನು ಆಡಬಾರದೆಂಬ ಸಂಕೋಚ ನಮಗೆ ಅರ್ಥವಾಗುತ್ತದೆ. ಆದರೆ ಅನ್ನ ಕೊಟ್ಟವರು ನೆರೆಯವನ ಬಾವಿಯನ್ನು ಕೆಡಿಸಿದರೆ ಆಗಲೂ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ.

ಬಾವಿ ಕೆಟ್ಟದ್ದು ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ಇಸಕವಾಗು, ನಕ್ಕವಾಗು ಎಂಬ ಹಳ್ಳಗಳ ನೀರಿಗೆ ಬಣ್ಣ ಬಂತು, ಪೈರು ಒಣಗಿತು, ದನ ಸತ್ತವು. ಪಟಾನ್‌ಚೆರುವಿನ ವೈದ್ಯ ಎ. ಕಿಷನ್ ರಾವ್ ಅವರು 1980ರ ದಶಕದಿಂದಲೇ ಜನರನ್ನು ಕಟ್ಟಿಕೊಂಡು ಇದರ ವಿರುದ್ಧ ಕಾದಾಡಿದರು. 1990ರಲ್ಲಿ ಅರ್ಜಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2001ರಲ್ಲಿ ಅಲ್ಲಿಂದ ಇಲ್ಲಿಯ ಹೈಕೋರ್ಟಿಗೆ ಬಂತು; ಕಡೆಗೆ ಹಸಿರು ನ್ಯಾಯಮಂಡಲಿಯ ಮುಂದೆ 2017ರಲ್ಲಿ ಮುಗಿಯಿತು. ಇಪ್ಪತ್ತೇಳು ವರ್ಷ! ಅರ್ಜಿ ಹಾಕಿದ ದಿನ ಹುಟ್ಟಿದ ಕೂಸು ಮದುವೆಯಾಗಿ ಮಕ್ಕಳನ್ನು ಹೆರುವಷ್ಟು ಕಾಲ.

ಜಗತ್ತು ಕಣ್ಣು ತೆರೆದದ್ದು 2007ರಲ್ಲಿ. ಸ್ವೀಡನ್ನಿನ ಯೋಕಿಮ್ ಲಾರ್ಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ, ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆಯನ್ನು ಪಡೆದು ‘ಶುದ್ಧೀಕರಿಸಿ’ ಹೊರಬಿಡುತ್ತಿದ್ದ ಪಟಾನ್‌ಚೆರುವಿನ ಸಾಮೂಹಿಕ ಘಟಕದ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರು. ಒಳಗೆ ಹೋಗುವ ನೀರಲ್ಲ, ಗಮನಿಸಬೇಕು. ಶುದ್ಧವಾಗಿ ಹೊರಗೆ ಬಂದ ನೀರು. ಅದರಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಮಿನವರೆಗೂ ಇತ್ತು. ದಿನಕ್ಕೆ ಸುಮಾರು 15 ಲಕ್ಷ ಲೀಟರ್ ನೀರು ಹೊರಬೀಳುತ್ತಿದ್ದುದರಿಂದ, ಒಂದು ದಿನಕ್ಕೆ ಹಳ್ಳಕ್ಕೆ ಹೋದ ಸಿಪ್ರೊಫ್ಲಾಕ್ಸಸಿನ್ ಸುಮಾರು 45 ಕಿಲೋ ಎಂದು ಅವರು ಲೆಕ್ಕ ಹಾಕಿದರು. 90 ಲಕ್ಷ ಜನರ ಇಡೀ ಸ್ವೀಡನ್ ದೇಶ ಐದು ದಿನಗಳಲ್ಲಿ ನುಂಗುವಷ್ಟು. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಡಾಕ್ಟರು ಬರೆದುಕೊಡುವ 500 ಮಿಲಿಗ್ರಾಮಿನ ಗುಳಿಗೆ 90,000. ಪ್ರತಿ ದಿನ.

ಎರಡು ವರ್ಷ ಬಿಟ್ಟು, 2009ರಲ್ಲಿ ಬಂದ ಇನ್ನೊಂದು ವರದಿ ಇದಕ್ಕಿಂತಲೂ ನಿದ್ದೆಗೆಡಿಸುವಂಥದು. ಈ ಸಲ ಅವರು ನೋಡಿದ್ದು ಆ ಸೀಮೆಯ ಎರಡು ಕೆರೆಗಳನ್ನೂ ಆರು ಹಳ್ಳಿಗಳ ಬಾವಿಗಳನ್ನೂ ಸಹ. ಪರೀಕ್ಷಿಸಿದ ಬಾವಿಗಳಲ್ಲಿ ಔಷಧಿ ಸಿಗದ ಬಾವಿ ಒಂದೂ ಇರಲಿಲ್ಲ. ಕೆರೆಯ ನೀರಿನಲ್ಲಿ ಲೀಟರಿಗೆ 6.5 ಮಿಲಿಗ್ರಾಂ ಸಿಪ್ರೊಫ್ಲಾಕ್ಸಸಿನ್. ನೆಗಡಿ-ತುರಿಕೆಗಳಿಗೆ ನುಂಗುವ ಸೆಟಿರಿಜಿನ್ 1.2 ಮಿಲಿಗ್ರಾಂ. ಆ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ನುಂಗಿದ ರೋಗಿಯ ರಕ್ತದಲ್ಲಿ ಕೂಡ ಮದ್ದು ಅಷ್ಟು ಗಟ್ಟಿಯಾಗಿ ಇರುವುದಿಲ್ಲ. ಬಾವಿಗಳಲ್ಲಿ ಸಿಕ್ಕಿದ್ದರಲ್ಲಿ ಮನೋವ್ಯಾಕುಲಕ್ಕೆ ಕೊಡುವ ಮದ್ದೂ ಇತ್ತು, ಚರ್ಮದ ಹುಳುಕಡ್ಡಿಗೆ ಕೊಡುವ ಮದ್ದೂ ಇತ್ತು. ಯಾವ ಡಾಕ್ಟರೂ ಬರೆದುಕೊಡದ ಚೀಟಿಯನ್ನು ಆ ಹಳ್ಳಿಯ ಹೆಂಗಸರು ದಿನಾ ಬೆಳಗ್ಗೆ ಕೊಡದಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು.

ಇದರಿಂದ ಆಗುವ ಕೇಡು ಏನು? ಕುಡಿದವನಿಗೆ ಒಡನೆಯೇ ಏನೂ ಆಗದಿರಬಹುದು. ಕೇಡು ನಡೆಯುವುದು ಕಣ್ಣಿಗೆ ಕಾಣದ ರೋಗಾಣುಗಳ ಲೋಕದಲ್ಲಿ. ಸಾಯುವಷ್ಟು ಮದ್ದು ಸಿಗದೆ, ಅಥವಾ ಸಿಕ್ಕಿಯೂ ಬದುಕುಳಿದ ಅಣುಗಳು ಆ ಮದ್ದನ್ನು ಜೀರ್ಣಿಸಿಕೊಳ್ಳುವ ವಿದ್ಯೆಯನ್ನು ಕಲಿಯುತ್ತವೆ; ಕಲಿತದ್ದನ್ನು ನೆರೆಯ ಅಣುಗಳಿಗೂ ದಾಟಿಸುತ್ತವೆ. ಪಟಾನ್‌ಚೆರುವಿನ ಹಳ್ಳದ ಕೆಸರಿನಲ್ಲಿ ಇಂಥ ನಿರೋಧದ ವಂಶವಾಹಿಗಳು ರಾಶಿರಾಶಿಯಾಗಿ ಇದ್ದುದು 2011ರಲ್ಲಿ ಪ್ರಕಟವಾಯಿತು. 2019ರ ಒಂದೇ ವರ್ಷದಲ್ಲಿ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12 ಲಕ್ಷ 70 ಸಾವಿರ. ಆಸ್ಪತ್ರೆಯಲ್ಲಿ ಹೆರಿಗೆಯಾದ ಸೊಸೆಗೆ ಹೊಲಿಗೆ ಕೀವಾಗಿ ಒಂದಾದ ಮೇಲೊಂದು ಇಂಜೆಕ್ಷನ್ ಹಾಕಿದರೂ ಜ್ವರ ಇಳಿಯದಿದ್ದಾಗ, ‘ಈ ಮದ್ದು ನಾಟುತ್ತಿಲ್ಲ’ ಎಂದು ಡಾಕ್ಟರು ಹೇಳುವ ಮಾತಿನ ಮೂಲ ಇಲ್ಲೆಲ್ಲೋ ಇರುತ್ತದೆ.

ಸರ್ಕಾರ ಏನು ಮಾಡಿತು? ಪಟಾನ್‌ಚೆರುವಿನ ಕೊಳಚೆಗೆ 18 ಕಿಲೋಮೀಟರ್ ಕೊಳವೆ ಹಾಕಿ, ನಗರದ ದೊಡ್ಡ ಚರಂಡಿಗೆ ಸೇರಿಸಿ, ಅಂಬರ್‌ಪೇಟೆಯ ಶುದ್ಧೀಕರಣ ಘಟಕಕ್ಕೆ ತಂದು, ಅಲ್ಲಿಂದ ಮೂಸಿಗೆ ಬಿಡುವ ಏರ್ಪಾಡು ಮಾಡಿತು. ಅಂದರೆ ಹಿತ್ತಿಲಿನ ಕಸವನ್ನು ನಡುಮನೆಗೆ ಗುಡಿಸಿದಂತಾಯಿತು. ಮಲಮೂತ್ರವನ್ನು ಕೊಳೆಸಿ ತಿಳಿಮಾಡುವ ಘಟಕಕ್ಕೆ ರಾಸಾಯನಿಕ ಮದ್ದನ್ನು ಮುರಿಯುವ ಶಕ್ತಿ ಎಲ್ಲಿಂದ ಬರಬೇಕು? ಮೂಸಿಯ ಆ ನೀರಿನಲ್ಲಿ ನಗರದ ಕೆಳಗಿನ ಹಳ್ಳಿಗಳವರು ಪ್ಯಾರಾ ಹುಲ್ಲು ಬೆಳೆಯುತ್ತಾರೆ; ಹುಲ್ಲು ಎಮ್ಮೆಗೆ, ಎಮ್ಮೆಯ ಹಾಲು ನಗರಕ್ಕೆ. 2016ರ ನವೆಂಬರಿನಲ್ಲಿ ಜರ್ಮನಿಯವರು ಬಂದು ಹೈದರಾಬಾದಿನ ಸುತ್ತ 28 ಕಡೆ ನೀರು ತೆಗೆದು ನೋಡಿದಾಗ, ಒಂದು ಕಡೆ ಫ್ಲುಕೊನಜೋಲ್ ಎಂಬ ಬೂಷ್ಟುರೋಗದ ಮದ್ದು ಲೀಟರಿಗೆ 236 ಮಿಲಿಗ್ರಾಂ ಸಿಕ್ಕಿತು. ರೋಗಿಗೆ ಒಂದು ಹೊತ್ತಿಗೆ ಕೊಡುವ ಮಾತ್ರೆಯೇ 150 ಮಿಲಿಗ್ರಾಮಿನದು.

ಕಾನೂನಿನ ಕಥೆ ಇನ್ನೂ ಸೊಗಸು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ಕಾರ್ಖಾನೆಯ ಕೊಳಚೆಯಲ್ಲಿ ಯಾವ ಯಾವ ಆಂಟಿಬಯಾಟಿಕ್ ಎಷ್ಟೆಷ್ಟು ಇರಬಹುದೆಂಬ ಮಿತಿಗಳ ಕರಡನ್ನು ಪ್ರಕಟಿಸಿತು. ಜಗತ್ತಿನಲ್ಲೇ ಮೊದಲಿಗರಾಗುತ್ತೇವೆಂದು ಪತ್ರಿಕೆಗಳು ಹೊಗಳಿದವು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ನೋಡಿದರೆ ಆ ಮಿತಿಗಳ ಪಟ್ಟಿಯೇ ಮಾಯ! ಒಂದೂವರೆ ವರ್ಷದಲ್ಲಿ ಆ ಕಾಗದವನ್ನು ಯಾವ ಗೆದ್ದಲು ತಿಂದಿತೆಂದು ಬಲ್ಲವರು ಬಲ್ಲರು.

ಇತ್ತ ಇಲ್ಲಿ ಜಾಗ ಸಾಲದೆ, ಗಲಾಟೆಯೂ ಹೆಚ್ಚಿ, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಗಡಿ ದಾಟಿ ನಮ್ಮ ಕಡೆಗೂ ಕಾಲಿಟ್ಟಿವೆ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರ ಎಕರೆಗೂ ಮೀರಿ ರೈತರ ಭೂಮಿ ತೆಗೆದುಕೊಂಡು ಕೈಗಾರಿಕಾ ಪ್ರದೇಶ ಮಾಡಿದರು. ಉದ್ಯೋಗ ಬರುತ್ತದೆಂದು ನಂಬಿದ್ದ ಊರವರು ಈಗ ದುರ್ವಾಸನೆಗೆ ಮೂಗು ಮುಚ್ಚಿಕೊಂಡು ಧರಣಿ ಕೂಡುತ್ತಿದ್ದಾರೆ. ಬೀದರಿನ ಕೊಳ್ಹಾರದ ಸುತ್ತಲಿನವರ ದೂರೂ ಹೊಸದಲ್ಲ. ಪಟಾನ್‌ಚೆರುವಿನ ಪಾಠವನ್ನು ಹತ್ತಿರದಿಂದ ಕಂಡವರು ನಾವು. ತೆಲುಗರ ಊರಿನಲ್ಲಿ ನಡೆದಾಗ ‘ಅದು ಅವರ ವಿಷಯ’ ಎಂದವರು, ಯಾದಗಿರಿಯ ಬಗ್ಗೆಯೂ ಹಾಗೆಯೇ ಅನ್ನುತ್ತೀರೇನು? ಅಲ್ಲಿಯ ಕೊಳಚೆ ಸೇರುವುದೂ ಕೃಷ್ಣೆಯ ಕಣಿವೆಯನ್ನೇ. ಅದೇ ಕೃಷ್ಣೆಯನ್ನು ನಾಗಾರ್ಜುನಸಾಗರದಿಂದ ನಮ್ಮ ನಲ್ಲಿಗೆ ತರುವುದು.

ಇಷ್ಟನ್ನು ಕೇಳಿದ ಮೇಲೆ ಒಬ್ಬರು ಹೇಳುವುದುಂಟು: ‘ನೋಡಿದಿರಾ, ಪಾಪವೆಲ್ಲ ಕಾರ್ಖಾನೆಯದು. ನಮ್ಮ ಮನೆಯ ನಾಲ್ಕು ಗುಳಿಗೆಗಳಿಗೆ ಪೆಟ್ಟಿಗೆ ಏಕೆ?’ ಇದು ನೋಡುವುದಕ್ಕೆ ಜಾಣ ವಾದ. ಕಾರ್ಖಾನೆಯ ಪಾಪ ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಗೃಹಸ್ಥರಿಗೆ ನೀತಿ ಬೋಧಿಸಿ ಕಾರ್ಖಾನೆಯವರನ್ನು ಪಾರು ಮಾಡುವ ಉಪದೇಶಕರ ಸಾಲಿಗೂ ಸೇರುವುದಿಲ್ಲ. ಆದರೆ ಮನೆಯ ಪಾಲು ಎಷ್ಟು ಎಂಬುದನ್ನು ಒಮ್ಮೆ ಲೆಕ್ಕ ಹಾಕೋಣ. ಸಿಪ್ರೊಫ್ಲಾಕ್ಸಸಿನ್ನಿನ 500ರ ಒಂದು ಸ್ಟ್ರಿಪ್ಪಿನಲ್ಲಿ ಹತ್ತು ಗುಳಿಗೆ, ಒಟ್ಟು 5 ಗ್ರಾಂ. ನೀರಿನಲ್ಲಿ ಈ ಮದ್ದು ಲೀಟರಿಗೆ 0.064 ಮೈಕ್ರೊಗ್ರಾಂ ಮೀರಿದರೆ ರೋಗಾಣುಗಳು ನಿರೋಧ ಕಲಿಯುವ ಸಂಭವ ಉಂಟೆಂದು ಲಾರ್ಸನ್ನರ ತಂಡವೇ 2016ರಲ್ಲಿ ಅಂದಾಜು ಮಾಡಿತು. ಭಾಗಿಸಿ ನೋಡಿ: ನಿಮ್ಮ ಒಂದು ಸ್ಟ್ರಿಪ್ಪಿನ ಮದ್ದನ್ನು ಆ ಮಿತಿಗೆ ಇಳಿಸಲು ಏಳೂಮುಕ್ಕಾಲು ಕೋಟಿ ಲೀಟರ್ ಶುದ್ಧ ನೀರು ಬೇಕು. ಊರಿನ ಒಂದು ಕೆರೆಯನ್ನೇ ಕೇಳುತ್ತದೆ ನಿಮ್ಮ ನಾಲ್ಕು ಗುಳಿಗೆ.

ಇನ್ನೊಬ್ಬರು, ಸ್ವಲ್ಪ ಓದಿಕೊಂಡವರು, ಬೇರೆ ಮಾತು ತೆಗೆಯುತ್ತಾರೆ: ನುಂಗಿದ ಮದ್ದೂ ಮೂತ್ರದಲ್ಲಿ ಹೊರಬಂದು ಕೊನೆಗೆ ಚರಂಡಿಗೇ ಸೇರುತ್ತದಲ್ಲ, ಬಿಸಾಡಿದ್ದು ಅದರ ಮುಂದೆ ಎಷ್ಟರದು? ಮಾತು ನಿಜ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್‌ನಂಥ ಮದ್ದಿನ ಶೇಷಗಳು ಶುದ್ಧೀಕರಣ ಘಟಕಗಳನ್ನು ಬಹುಮಟ್ಟಿಗೆ ಹಾಗೆಯೇ ದಾಟಿ ಹೋಗುತ್ತವೆ. ಕಾವೇರಿಯ ಉದ್ದಕ್ಕೂ 22 ಕಡೆ ನೀರು ತೆಗೆದು ಪರೀಕ್ಷಿಸಿದ ಮದ್ರಾಸ್ ಐಐಟಿಯವರು 2021ರಲ್ಲಿ ಹೇಳಿದ್ದೂ ಅದನ್ನೇ: ನೋವಿನ ಮದ್ದು, ರಕ್ತದೊತ್ತಡದ ಮದ್ದು, ಆಂಟಿಬಯಾಟಿಕ್, ಎಲ್ಲವೂ ನಮ್ಮ ಕಾವೇರಮ್ಮನ ಮಡಿಲಿನಲ್ಲಿ ಸಿಕ್ಕಿದವು. ಆದರೆ ರೋಗಿಗೆ ಮೂತ್ರ ಮಾಡಬೇಡ ಎನ್ನಲಾದೀತೆ? ಮಧುಮೇಹದವನ ಮದ್ದನ್ನು ನಿಲ್ಲಿಸಲಾದೀತೆ? ತಪ್ಪಿಸಲಾಗದ ಪಾಲನ್ನು ತೋರಿಸಿ, ಸುಲಭವಾಗಿ ತಪ್ಪಿಸಬಹುದಾದ ಪಾಲನ್ನೂ ಬಿಟ್ಟುಬಿಡೋಣ ಎಂಬುದು ಸೋಮಾರಿತನಕ್ಕೆ ಹೊದಿಸಿದ ವಿಜ್ಞಾನದ ಶಾಲು.

‘ನಾವು ಕುದಿಸಿ ಕುಡಿಯುತ್ತೇವೆ’ ಎನ್ನುವವರಿಗೆ ಒಂದು ಮಾತು. ಕುದಿಸಿದರೆ ರೋಗಾಣು ಸಾಯುತ್ತದೆ. ಈ ಮದ್ದುಗಳಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತವೆ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತವೆ. ನಗರದ ಜಲಶಾಲೆಯ ಪಟಕ, ಮರಳು, ಕ್ಲೋರಿನ್‌ಗಳೂ ಇವನ್ನು ಪೂರ್ತಿ ಹಿಡಿಯಲಾರವು. ‘ನಮ್ಮಲ್ಲಿ ಆರ್.ಓ. ಇದೆ’ ಎನ್ನುವವರ ಮನೆಯಲ್ಲಿ ಬಹುಪಾಲು ಮದ್ದು ಹಿಂದಕ್ಕೆ ಉಳಿಯುತ್ತದೆ ನಿಜ. ಹಾಗೆ ಉಳಿದದ್ದು ಅದೇ ಯಂತ್ರದ ಇನ್ನೊಂದು ಕೊಳವೆಯಿಂದ ಮತ್ತೆ ಮೋರಿಗೇ ಹೋಗುತ್ತದೆ. ಆರ್.ಓ. ಕೊಳ್ಳಲಾಗದ ಮನೆಗೆಲಸದಾಕೆಯ ಮನೆ ಎಲ್ಲಿದೆಯೆಂದು ಒಮ್ಮೆ ಕೇಳಿ ನೋಡಿ. ಹೆಚ್ಚಾಗಿ ಆ ಮೋರಿಯ ದಂಡೆಯಲ್ಲೇ ಇರುತ್ತದೆ.

ಅತಿಮಾಡಿ ಹೆದರಿಸುವುದೂ ನಮ್ಮ ಉದ್ದೇಶವಲ್ಲ. ಕುಡಿಯುವ ನೀರಿನಲ್ಲಿ ಸಾಮಾನ್ಯವಾಗಿ ಸಿಗುವ ಸೂಕ್ಷ್ಮ ಅಂಶದಿಂದ ಮನುಷ್ಯನಿಗೆ ನೇರವಾಗಿ ಅಪಾಯವಾಗುವ ಸಂಭವ ತೀರ ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದೆ. ಅದು ಲೀಟರಿಗೆ ನ್ಯಾನೊಗ್ರಾಮುಗಳಲ್ಲಿ ಎಣಿಸುವ ಊರುಗಳ ಮಾತು. ಮಿಲಿಗ್ರಾಮುಗಳಲ್ಲಿ ಎಣಿಸಬೇಕಾದ ಪಟಾನ್‌ಚೆರುವಿನ ಕೆರೆಗೆ ಆ ಸಮಾಧಾನವನ್ನು ಅನ್ವಯಿಸುವುದು ಮೋಸ. ಮೇಲಾಗಿ ಮನುಷ್ಯನೊಬ್ಬನೇ ನೀರು ಕುಡಿಯುವುದಿಲ್ಲವಲ್ಲ. ಕೆನಡದ ಒಂಟಾರಿಯೊ ಪ್ರಾಂತದ ಒಂದು ಸಣ್ಣ ಸರೋವರಕ್ಕೆ 2001ರಿಂದ ಮೂರು ಬೇಸಗೆ, ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಬರೀ ಐದಾರು ನ್ಯಾನೊಗ್ರಾಂ ಇರುವಂತೆ ಬಿಟ್ಟು ನೋಡಿದರು. ಗಂಡು ಮೀನುಗಳು ಹೆಣ್ಣಿನ ಲಕ್ಷಣ ತಾಳಿ, ಆ ಸರೋವರದ ಒಂದು ಜಾತಿಯ ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಅಷ್ಟು ದೂರ ಏಕೆ? ನಮ್ಮ ಹದ್ದುಗಳು ಎಲ್ಲಿ ಹೋದವು? ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಂದಿತೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಹದ್ದುಗಳು ಮುಗಿಯುತ್ತ ಬಂದಿದ್ದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಬೆರಳೆಣಿಕೆಯವನ್ನು ಕಾಪಾಡಲು ಅಭಯಾರಣ್ಯ ಮಾಡಬೇಕಾಯಿತು. ಮದ್ದು ತನ್ನ ಜಾಗ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ನಮ್ಮವರ ಮನೆಗಳ ಔಷಧಿಯ ಡಬ್ಬಿಯನ್ನು ನೋಡೋಣ. ಆರು ಗುಳಿಗೆ ಸಾಕಾದಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವುದಿಲ್ಲವೆಂದು ಅಂಗಡಿಯವನು ಹತ್ತನ್ನೂ ಕಟ್ಟುತ್ತಾನೆ. ಊರಿನಿಂದ ಅತ್ತೆ-ಮಾವ ಬರುವಾಗ ಅಲ್ಲಿಯ ಡಾಕ್ಟರು ಬರೆದುಕೊಟ್ಟ ಮೂರು ತಿಂಗಳ ಮದ್ದು ತರುತ್ತಾರೆ. ಇಲ್ಲಿಯ ಡಾಕ್ಟರು ‘ಇದನ್ನು ನಿಲ್ಲಿಸಿ, ಅದನ್ನು ಹಿಡಿಯಿರಿ’ ಎನ್ನುತ್ತಾರೆ. ಹಿರಿಯರೊಬ್ಬರು ತೀರಿಕೊಂಡರೆ ಹದಿನೈದನೆಯ ದಿನ ಕಪಾಟು ತೆರೆದವರಿಗೆ ಬಟ್ಟೆಗಿಂತ ಹೆಚ್ಚು ಗುಳಿಗೆಯೇ ಸಿಗುತ್ತದೆ. ಬಟ್ಟೆಯನ್ನು ದಾನ ಕೊಡುತ್ತಾರೆ. ಗುಳಿಗೆಯನ್ನು ಏನು ಮಾಡಬೇಕು? ಕೆಲವರು ಸಂಡಾಸಿಗೆ ಹಾಕಿ ನೀರು ಬಿಡುತ್ತಾರೆ. ಕೆಲವರು ಅಡಿಗೆಮನೆಯ ಕಸದೊಡನೆ ಕಟ್ಟುತ್ತಾರೆ. ಅದು ಜವಾಹರನಗರದ ಕಸದ ಗುಡ್ಡಕ್ಕೆ ಹೋಗಿ, ಮಳೆಗೆ ನೆನೆದು, ಕಪ್ಪು ರಸವಾಗಿ ಅಲ್ಲಿಯ ಕೆರೆಗೂ ಬಾವಿಗೂ ಇಳಿಯುತ್ತದೆ. ಇವೆರಡೂ ಬೇಡವೆನ್ನುವ ದಯಾಳುಗಳು ವಾಚ್‌ಮನ್ನನಿಗೆ ಕೊಡುತ್ತಾರೆ, ಇಲ್ಲವೆ ಊರಿಗೆ ಹೋಗುವವರ ಚೀಲಕ್ಕೆ ತುರುಕುತ್ತಾರೆ. ‘ಪಟ್ಟಣದ ಗುಳಿಗೆ, ಜೋರಾಗಿದೆ’ ಎಂದು ಹಳ್ಳಿಯಲ್ಲಿ ಎರಡು ನುಂಗಿ ಉಳಿದದ್ದನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಇದಕ್ಕೆ ದಾನವೆಂಬ ಹೆಸರು ಬೇರೆ! ಸಂಘ ಸಂಸ್ಥೆಗಳ ಉಚಿತ ಚಿಕಿತ್ಸಾ ಶಿಬಿರಗಳಿಗೆ ಬರುವ ‘ಔಷಧ ದೇಣಿಗೆ’ಯ ಪೊಟ್ಟಣಗಳನ್ನು ಬಿಚ್ಚಿ ತಾರೀಖು ನೋಡಿದ ಸ್ವಯಂಸೇವಕರನ್ನು ಕೇಳಿದರೆ ಉಳಿದ ಕಥೆ ತಿಳಿಯುತ್ತದೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇರಲಿಲ್ಲವೆಂದಲ್ಲ. ಅವಧಿ ಮೀರಿದ ಔಷಧಿ ‘ಮನೆಯ ಅಪಾಯಕಾರಿ ಕಸ’, ಅದನ್ನು ಬೇರೆಯಾಗಿ ಕೊಡಬೇಕು, ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಅದಕ್ಕೆ ಸಂಗ್ರಹ ಕೇಂದ್ರ ತೆರೆಯಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಬರೆದಿತ್ತು. ನಿಮ್ಮ ಬಡಾವಣೆಯ ಕೇಂದ್ರವನ್ನು ಕಂಡವರಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ, ಸಂತೋಷದಿಂದ ಅಚ್ಚು ಹಾಕುತ್ತಾರೆ. ಆಸ್ಪತ್ರೆಗಳಿಗೆ ಹಳದಿ ಚೀಲದ ನಿಯಮವಿದೆ. ಮೆಡಿಕಲ್ ಅಂಗಡಿಯಲ್ಲಿ ಮಾರಾಟವಾಗದೆ ಅವಧಿ ಮುಗಿದ ಮಾಲು ಸ್ಟಾಕಿಸ್ಟನ ಮೂಲಕ ಕಂಪೆನಿಗೆ ಹಿಂದಕ್ಕೆ ಹೋಗುತ್ತದೆ, ಅಂಗಡಿಯವನಿಗೆ ದುಡ್ಡೂ ಜಮೆಯಾಗುತ್ತದೆ. ಅದೇ ಅಂಗಡಿಯಲ್ಲಿ ನಾಲ್ಕು ಗುಳಿಗೆ ಉಳಿದ ಸ್ಟ್ರಿಪ್ಪನ್ನು ಗಿರಾಕಿ ಹಿಂದಕ್ಕೆ ಕೊಡಹೋದರೆ ‘ನಮ್ಮ ಜವಾಬ್ದಾರಿಯಲ್ಲ ಸಾರ್’ ಎಂಬ ಉತ್ತರ. ಲಾರಿ ಹೇಗೂ ಹೋಗುತ್ತಿದೆ. ಅದರಲ್ಲಿ ಗಿರಾಕಿಯ ಪೊಟ್ಟಣಕ್ಕೆ ಮಾತ್ರ ಜಾಗವಿಲ್ಲ. ಫ್ರಾನ್ಸಿನಲ್ಲಿ ಔಷಧಿ ಅಂಗಡಿಯವರೇ ಮನೆಯ ಹಳೆಯ ಮದ್ದನ್ನು ಹಿಂದಕ್ಕೆ ಪಡೆದು ಕಂಪೆನಿಗಳ ಖರ್ಚಿನಲ್ಲಿ ಸುಡಿಸುತ್ತಾರೆ.

ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಈ ಬಗ್ಗೆ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ಅದರಲ್ಲಿ 17 ಮದ್ದುಗಳನ್ನು, ಫೆಂಟನಿಲ್, ಟ್ರಮಡಾಲ್, ಡಯಜೆಪಾಮ್ ಮುಂತಾದವನ್ನು, ಮನೆಯಲ್ಲಿ ಇಟ್ಟುಕೊಳ್ಳದೆ ಸಂಡಾಸಿಗೆ ಹಾಕಿ ನೀರು ಬಿಡಿ ಎಂದು ಹೇಳಿದೆ. ಮಕ್ಕಳ ಬಾಯಿಗೆ ಒಂದು ಬಿದ್ದರೂ ಪ್ರಾಣ ಹೋಗಬಹುದು, ಚಟದವರ ಕೈಗೂ ಸಿಗಬಹುದು ಎಂಬ ಭಯದಿಂದ. ಆ ಭಯ ಸಕಾರಣವೆಂದೇ ನಾವು ಒಪ್ಪುತ್ತೇವೆ. ಆದರೆ ಸುದ್ದಿ ಪತ್ರಿಕೆಗಳ ತಲೆಬರಹ ಓದಿ, ‘ಸರ್ಕಾರವೇ ಸಂಡಾಸಿಗೆ ಹಾಕಿ ಅಂದಿದೆ’ ಎಂದು ಮನೆಯ ಮದ್ದನ್ನೆಲ್ಲ ಸುರಿಯುವವರು ಹುಟ್ಟಿಕೊಂಡಿದ್ದಾರೆ. ಆ ಹದಿನೇಳು ಬಿಟ್ಟು ಉಳಿದ ಯಾವುದಕ್ಕೂ ಆ ಮಾತು ಸಲ್ಲುವುದಿಲ್ಲ. ಉಳಿದವನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಆಗಬೇಕೆಂದೇ ಅದೇ ಮಾರ್ಗದರ್ಶಿ ಹೇಳುತ್ತದೆ. ಕೇರಳದವರು ಹೇಳಿ ಕೂಡಲಿಲ್ಲ. 2025ರ ಫೆಬ್ರವರಿಯಲ್ಲೇ ಕೋಳಿಕ್ಕೋಡಿನಲ್ಲಿ ಮನೆಗಳಿಂದ ಹಳೆಯ ಮದ್ದನ್ನು ಕೂಡಿಸಿ ವಿಧಿವತ್ತಾಗಿ ಸುಡುವ ಯೋಜನೆಯನ್ನು ಆರಂಭಿಸಿದರು. ಮಲಯಾಳಿಗಳ ಸಮಾಜದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಓಣಂ ಊಟಕ್ಕೆ ಹೋದಾಗ ಪಾಯಸದ ಜೊತೆಗೆ ಇದನ್ನೂ ಕೇಳಿಕೊಂಡು ಬರಬಹುದು.

ಪೆಟ್ಟಿಗೆಗೆ ವಿರೋಧವಾಗಿ ಎದ್ದ ಮಾತುಗಳಲ್ಲಿ ಒಂದನ್ನು ಮಾತ್ರ ನಾವು ಒಪ್ಪುತ್ತೇವೆ. ಬೀಗವಿಲ್ಲದ ಪೆಟ್ಟಿಗೆ ಅಪಾಯ. ಮಕ್ಕಳು ಕನ್ನಡ ಕಲಿಯಲು ಬರುವ ಕಟ್ಟಡ ಅದು. ಕೂಡಿದ್ದನ್ನು ಯಾರಿಗೆ ಒಪ್ಪಿಸುವುದೆಂಬ ಲಿಖಿತ ಒಪ್ಪಂದವಿಲ್ಲದೆ ಪೆಟ್ಟಿಗೆ ಇಟ್ಟರೆ ಸಂಘವೇ ಒಂದು ಸಣ್ಣ ಕಸದ ಗುಡ್ಡವಾದೀತು. ಆದುದರಿಂದ ಮೊದಲು ಕಾರ್ಪೊರೇಶನ್ನಿಗೂ, ಆಸ್ಪತ್ರೆ ತ್ಯಾಜ್ಯವನ್ನು ಸುಡಲು ಪರವಾನಗಿ ಪಡೆದ ಸಂಸ್ಥೆಗೂ ಸಂಘದ ಮೊಹರು ಹಾಕಿ ಪತ್ರ ಹೋಗಲಿ. ಉತ್ತರ ಬರದಿದ್ದರೆ ಎರಡನೆಯ ಪತ್ರ ಹೋಗಲಿ, ಮೂರನೆಯದನ್ನು ಕೈಯಲ್ಲಿ ಹಿಡಿದು ಹತ್ತು ಜನ ಹೋಗಲಿ. ನಾಡಹಬ್ಬದ ಪೆಂಡಾಲಿಗೆ ಅನುಮತಿ ತರಲು ಇದೇ ಕಚೇರಿಗಳಿಗೆ ವರ್ಷವರ್ಷ ಅಲೆಯುವವರಿಗೆ ಈ ದಾರಿ ಅಪರಿಚಿತವೇನಲ್ಲ. ನಮ್ಮ ಸದಸ್ಯರಲ್ಲಿ ಮೆಡಿಕಲ್ ಅಂಗಡಿ ಇಟ್ಟವರಿದ್ದಾರೆ. ಸ್ಟಾಕಿಸ್ಟನ ಲಾರಿಗೆ ಗಿರಾಕಿಯ ಮದ್ದನ್ನೂ ಏರಿಸುವಂತೆ ತಮ್ಮ ವ್ಯಾಪಾರಿ ಸಂಘದಲ್ಲಿ ಅವರು ಮಾತೆತ್ತಲಿ. ಔಷಧ ಕಾರ್ಖಾನೆಗಳಲ್ಲಿ ಮೇಲಿನ ಹುದ್ದೆಗಳಲ್ಲಿರುವವರೂ ಇದ್ದಾರೆ. 2021ರಲ್ಲಿ ಕಳೆದುಹೋದ ಆ ಪಟ್ಟಿ ಮರಳಿ ಬರಬೇಕೆಂಬ ಮನವಿಗೆ ಮೊದಲ ಸಹಿಗಳು ಅವರವೇ ಆಗಬಾರದೇಕೆ?

ಈ ಪತ್ರಗಳ ಕರಡು ಸಿದ್ಧವಾಗಿದೆ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ, ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬ ಕಡೆಯ ಸಾಲಿನ ಕೆಳಗೆ ಅಲ್ಲದೆ, ನಾಡಹಬ್ಬದ ಬಜೆಟ್ಟಿಗಿಂತ ಮೇಲೆ ಅದನ್ನು ಇಡಬೇಕೆಂದು ನಮ್ಮ ಪಟ್ಟು. ಅಷ್ಟರೊಳಗೆ ಯಾರ ಮನೆಯಲ್ಲಿ ಹಳೆಯ ಮದ್ದು ಇದೆಯೋ ಅವರು ಅದನ್ನು ಸಿಂಕಿಗಾಗಲಿ ಊರಿಗೆ ಹೊರಟ ಚೀಲಕ್ಕಾಗಲಿ ಹಾಕದೆ, ಒಂದು ಡಬ್ಬಿಯಲ್ಲಿ ಮುಚ್ಚಿ, ಮಕ್ಕಳಿಗೆ ಎಟುಕದ ಅಟ್ಟಣಿಗೆಯ ಮೇಲೆ ಇಟ್ಟಿರಲಿ.